ಇವತ್ತು ಟಪಾಲಿಲ್ಲ

ಎದೆಯ ಮೇಲೆ ನಾಲ್ಕು ಪಿನ್ನು ಚುಚ್ಚಿ
ನಂಬರು ಸಿಕ್ಕಿಸಿಕೊಂಡೆ: ೧೧೮೪.
ಇಪ್ಪತ್ತೆರಡು ವರ್ಷ ಊರವರ ವಿಳಾಸ ಹುಡುಕಿದವನಿಗೆ
ಇವತ್ತು ತನ್ನದೇ ಒಂದು ವಿಳಾಸ.
ರವಾನೆ, ಮೀನು ಮಾರುಕಟ್ಟೆಯ ಮುಂದಿನ ಬಿಳಿ ಗೆರೆಯಿಂದ.
ತಲುಪಬೇಕಾದ್ದು ಅದೇ ಗೆರೆಗೆ.
ನಡುವೆ ಇಪ್ಪತ್ತೊಂದು ಕಿಲೋಮೀಟರು,
ಮೇಲೆ ತೊಂಬತ್ತೇಳು ಮೀಟರು ಚಿಲ್ಲರೆ.

ನವೆಂಬರಿನ ಜಪಾನ್ ಸಮುದ್ರ, ಸೀಸದ ಬಣ್ಣ.
ಮೇಯರು ಮೈಕಿನಲ್ಲಿ ಕೆಮ್ಮಿದರು, ಪಿಸ್ತೂಲು ಢಂ ಅಂದಿತು,
ಕಡಲಕ್ಕಿಗಳು ನಮಗಿಂತ ಮೊದಲು ಹೊರಟವು.

ಈ ದಾರಿ ಅಂಗೈಯಷ್ಟು ಗೊತ್ತು ಅಂದುಕೊಂಡಿದ್ದೆ.
ಗೊತ್ತಿದ್ದದ್ದು ಕೆಂಪು ಬೈಕಿಗೆ.
ಅಂಗಾಲಿಗೆ ಗೊತ್ತಿರಲಿಲ್ಲ.
ಗುಡಿಯ ಹಿಂದಿನ ಏರು ಏರೇ ಅಲ್ಲವೆಂದು
ಎರಡನೇ ಗೇರು ಇಷ್ಟು ವರ್ಷ ಸುಳ್ಳು ಹೇಳಿತ್ತು.

ನಾಲ್ಕನೇ ಕಿಲೋಮೀಟರು, ಕುರಾಮೊಚಿಯವರ ಬಾಗಿಲು.
ತೊಮೊಎ ಅಜ್ಜಿ ನನ್ನ ಮುಖ ಕಂಡದ್ದೇ
ರಿಜಿಸ್ಟರ್ ಕಾಗದಕ್ಕೆ ಒತ್ತುವ ಪುಟ್ಟ ಮೊಹರು ಹಿಡಿದು
ಚಪ್ಪಲಿ ಅದಲುಬದಲು ಮೆಟ್ಟಿ ಹೊರಬಂದಳು.
'ಇವತ್ತು ಟಪಾಲಿಲ್ಲ, ಅಜ್ಜಿ!'
'ಹಾಗಾದರೆ ಯಾಕೋ ಓಡ್ತಿದೀಯ?'

ಉತ್ತರ ಹುಡುಕುತ್ತ ಎರಡು ಕಿಲೋಮೀಟರು ಸವೆಯಿತು.
ಸಿಕ್ಕಿದ್ದು ನೀರು, ಕಾಗದದ ಲೋಟದಲ್ಲಿ,
ಅರ್ಧ ಬಾಯಿಗೆ, ಅರ್ಧ ಮೂಗಿಗೆ.

ಒಂಬತ್ತು ವರ್ಷದಿಂದ ನನ್ನ ಸದ್ದಿಗೇ ಬೊಗಳುವ ನಾಯಿ, ಮುಗಿ,
ಸೋಯಾ ಉಗ್ರಾಣದ ತಿರುವಿನಲ್ಲಿ
ಸರಪಳಿಯ ತುದಿವರೆಗೆ ಬಂದು ಬಾಲ ಆಡಿಸಿತು.
ಅದರ ಜಗಳ ನನ್ನೊಡನಲ್ಲ, ಬೈಕಿನೊಡನೆ.
ಇಷ್ಟು ತಿಳಿಯಲು ಇಷ್ಟು ದೂರ ಓಡಬೇಕಾಯಿತು.

ಒಂಬತ್ತರಿಂದ ಜೊತೆಗೆ ಹಲ್ಲಿನ ಡಾಕ್ಟರು ಇಸೊಗಾಯ್.
ಬಾಯಿ ತೆರೆಯಿರಿ ಎನ್ನುವ ಅಗತ್ಯವೇ ಇರಲಿಲ್ಲ,
ಇಬ್ಬರದೂ ತೆರೆದೇ ಇತ್ತು.
ಹಿಂದೆ, ಬಿದ್ದವರನ್ನು ಆಯ್ದುಕೊಳ್ಳುವ ಬಸ್ಸು.
ಹಾರನ್ನು ಹೊಡೆಯದೆ, ಬೈಯದೆ
ಬರುತ್ತಿತ್ತು. ಬರೀ ಬರುತ್ತಿತ್ತು.

ಓಡುವವರು ಕಾಲಿಗೆ ಬುದ್ಧಿ ಹೇಳುತ್ತಾರಂತೆ.
ಹದಿನಾರರಲ್ಲಿ ಕಾಲೇ ನನಗೆ ಬುದ್ಧಿ ಹೇಳಿತು.
ಮೀನಖಂಡದೊಳಗೆ ಜೀವಂತ ಮೀನೊಂದು
ಬಲೆ ಹರಿಯುವ ಹಾಗೆ ಒದ್ದಾಡಿತು.
ದೀಪಸ್ತಂಭದ ಗೋಡೆ ಹಿಡಿದು ಕೂತೆ.
ಡಾಕ್ಟರು ನಿಂತರು. ಬೂಟು ಬಿಚ್ಚಿ,
ಹಲ್ಲು ಕೀಳುವ ಆ ಕೈಯಲ್ಲಿ
ನನ್ನ ಕಾಲ್ಬೆರಳು ಹಿಡಿದು ಹಿಂದಕ್ಕೆ ಒತ್ತಿದರು.
ಮೀನು ಸತ್ತಿತು. ಗಡಿಯಾರ ಸಾಯಲಿಲ್ಲ.

ಹದಿನೇಳೂವರೆಗೆ ಹಗ್ಗ.
ಹನ್ನೊಂದು ಐವತ್ತರ ನಂತರ ಬಂದವರು ಬಸ್ಸಿಗೆ.
ಹಗ್ಗ ಹಿಡಿದವಳು ಹೈಸ್ಕೂಲು ಹುಡುಗಿ,
ಕೈಗಡಿಯಾರ ನೋಡುತ್ತ ಅಳುಮುಖ ಮಾಡಿದ್ದಳು.
ಆ ಮುಖ ನನಗೆ ಗೊತ್ತು. ಹಿಂದೆ ಕೌಂಟರಿನಲ್ಲಿದ್ದಾಗ
ಐದು ಗಂಟೆಗೆ ಷಟರು ಎಳೆಯುತ್ತಿದ್ದವನು ನಾನು,
ಪಾರ್ಸೆಲು ಎತ್ತಿಕೊಂಡು ಓಡಿಬಂದವರ ಎದುರೇ.

ದಾಟಿದೆ.
ಬೆನ್ನ ಹಿಂದೆ ಹಗ್ಗ ಬಿಗಿದ ಸದ್ದು.
ತಿರುಗಿದರೆ ಆಚೆ ಬದಿಯಲ್ಲಿ ಡಾಕ್ಟರು,
ಮೂರೇ ಹೆಜ್ಜೆ.
ಹುಡುಗಿ ಸೊಂಟ ಮಡಿಸಿ ಬಾಗಿದಳು. ಅವರೂ ಬಾಗಿದರು.
ಆಮೇಲೆ ನನ್ನತ್ತ ಕೈ ಬೀಸಿದರು
ನೊಣ ಓಡಿಸುವ ಹಾಗೆ: ಹೋಗು, ಹೋಗು.

ಮುಂದಿನದು ಸರಿಯಾಗಿ ನೆನಪಿಲ್ಲ.
ಮೀನುಸಾರಿನ ವಾಸನೆ. ಗೆರೆ.
ಯಾರೋ ಕೊರಳಿಗೆ ಟವೆಲ್ಲು ಹಾಕಿದ್ದು.
ಎರಡು ಗಂಟೆ ಐವತ್ತೊಂದು ನಿಮಿಷ.
ಬಸ್ಸು ನನಗಿಂತ ಮೊದಲೇ ಬಂದಿತ್ತು.
ಕಟ್ಟೆಯ ಮೇಲೆ ಡಾಕ್ಟರು, ಎರಡು ಬಟ್ಟಲು ಸಾರು ಹಿಡಿದು.
ನನ್ನದು ಆರಿಹೋಗಿತ್ತು.
'ಬಸ್ಸಿನಲ್ಲಿ ಹೀಟರು ಇತ್ತು' ಅಂದರು,
ಬೇರೇನೂ ಅನ್ನಲಿಲ್ಲ.

ಸೋಮವಾರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.
ಬಲಗಾಲನ್ನು ಕೈಯಲ್ಲೆತ್ತಿ ಬೈಕಿನ ಆಚೆಗಿಟ್ಟೆ.
ತಿರುವಿನಲ್ಲಿ ಮುಗಿ ಜೀವ ಹೋಗುವಂತೆ ಬೊಗಳಿತು.
ದವಾಖಾನೆಗೆ ಇದ್ದದ್ದು ಒಂದೇ ಲಕೋಟೆ, ಕರೆಂಟು ಬಿಲ್ಲು.
ಡಬ್ಬಿಗೆ ಹಾಕಬಹುದಿತ್ತು.
ಕುಂಟುತ್ತ ಒಳಗೆ ಹೋಗಿ ಕೈಗೇ ಕೊಟ್ಟೆ,
ಹೇಳಲು ಬಂದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.
ಡಾಕ್ಟರು ಕನ್ನಡಕ ಏರಿಸಿ
'ಎಲ್ಲಿ, ಬಾಯಿ ತೆಗಿ ನೋಡೋಣ' ಅಂದರು.